ಹಗಲು ಯಂತ್ರದ ನಕ್ಷೆ, ಸಂಜೆ ಬೀಗದೊಳಗಿನ ಕೋಣೆ

ಬೀಗವನ್ನು ಉದ್ದಕ್ಕೆ ಸೀಳಿದರೆ ಒಳಗೆ ಏನು ಕಾಣುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು. ಸ್ಪ್ರಿಂಗ್, ಲಿವರ್, ಕೀಲಿ ತಿರುಗುವ ಜಾಗ. ಯಂತ್ರದ ಬಿಡಿಭಾಗಗಳ ನಕ್ಷೆ ಬರೆಯುವುದೇ ನನ್ನ ಹೊಟ್ಟೆಪಾಡಿನ ಕೆಲಸ. ವಸ್ತುವನ್ನು ಕತ್ತರಿಸಿದ ಹಾಗೆ ತೋರಿಸುವ ನಕ್ಷೆಗೆ ನಾವು ಸೆಕ್ಷನ್ ಅನ್ನುತ್ತೇವೆ. ಕತ್ತರಿ ಬಿದ್ದ ಲೋಹದ ಮೇಲೆಲ್ಲ 45 ಡಿಗ್ರಿಯ ಓರೆಗೆರೆ ಎಳೆಯುತ್ತೇವೆ. ಅದಕ್ಕೆ ಹ್ಯಾಚಿಂಗ್ ಅಂತ ಹೆಸರು.

ಒಂದು ದಿನ ಇಂಥದ್ದೇ ಬೀಗದ ಸೆಕ್ಷನ್ ಮುಗಿಸಿ, ಮನೆಗೆ ಬಂದು ಮಲಗಿದ್ದೆ. ಅರೆನಿದ್ದೆಯಲ್ಲಿ ಅದೇ ಬೀಗ ಮತ್ತೆ ಕಂಡಿತು. ಓರೆಗೆರೆಗಳು ಅಚ್ಚುಕಟ್ಟಾಗಿದ್ದವು. ಆದರೆ ಒಳಗೆ ಲಿವರ್ ಇರಲಿಲ್ಲ. ಒಂದು ಪುಟ್ಟ ಕೋಣೆ, ಒಂದು ಕುರ್ಚಿ, ಉರಿಯುವ ದೀಪ. ಯಾರೋ ಆಗಷ್ಟೇ ಕುರ್ಚಿಯಿಂದ ಎದ್ದು ಹೋದ ಹಾಗಿತ್ತು. ಎದ್ದು ಕೂತು, ಕೈಗೆ ಸಿಕ್ಕ ಕಾಗದದ ಹಿಂದೆ ಅದನ್ನು ಗೀಚಿಟ್ಟೆ.

ಅದಕ್ಕೂ ಮುಂಚೆ ಆರೇಳು ವರ್ಷ ಬಣ್ಣ ಹಚ್ಚಿದ್ದೆ. ಆದರೆ ಇದು ನನ್ನದು ಅಂತ ಎದೆ ಮುಟ್ಟಿ ಹೇಳಬಹುದಾದ ಮೊದಲ ಚಿತ್ರ ಆ ಬೀಗದ್ದು. ಮೊದಲಿನವುಗಳಲ್ಲಿ ರೆಕ್ಕೆ ಇದ್ದ ಮೀನು, ಆಕಾಶದಲ್ಲಿ ಕಣ್ಣು, ಕರಗುವ ವಸ್ತುಗಳು ತುಂಬಿದ್ದವು. ವಿಚಿತ್ರವಾದದ್ದನ್ನೆಲ್ಲ ಒಂದೇ ಕಡೆ ಸೇರಿಸಿದರೆ ಸರ್ರಿಯಲಿಸಂ, ಅಂದರೆ ಕನಸಿನ ತರ್ಕದಲ್ಲಿ ಚಿತ್ರ ಬರೆಯುವ ಕಲಾಪಂಥ, ಆಗುತ್ತದೆ ಅಂದುಕೊಂಡಿದ್ದೆ.

ಈ ದಾರಿಗೆ ನನ್ನನ್ನು ಎಳೆದವರು ಇಟಲಿಯ ಚಿತ್ರಕಾರ ಜಾರ್ಜೊ ಡಿ ಕಿರಿಕೊ. ಗ್ರಂಥಾಲಯದ ಒಂದು ದಪ್ಪ ಪುಸ್ತಕದಲ್ಲಿ ಅವರ ಚೌಕದ ಚಿತ್ರ ನೋಡಿದೆ. ಇಳಿಬಿಸಿಲು, ಉದ್ದುದ್ದ ನೆರಳು, ಕಮಾನುಗಳ ಸಾಲು, ಜನ ಇಲ್ಲ. ಭಯ ಹುಟ್ಟಿಸುವಂಥದ್ದು ಏನೂ ಇಲ್ಲದಿದ್ದರೂ ಹೊಟ್ಟೆಯೊಳಗೆ ಏನೋ ಅಲುಗಿತು. ನಕ್ಷೆ ಬರೆಯುವವನ ಚಾಳಿ ಬಿಡಲ್ಲ ಅಲ್ವಾ, ಪುಟದ ಮೇಲೆ ಸ್ಕೇಲ್ ಇಟ್ಟು ನೋಡಿದೆ. ಸಮಾನಾಂತರವಾಗಿ ದೂರಕ್ಕೆ ಹೋಗುವ ಗೆರೆಗಳೆಲ್ಲ ಒಂದೇ ಬಿಂದುವಿಗೆ, ವ್ಯಾನಿಷಿಂಗ್ ಪಾಯಿಂಟ್‌ಗೆ ಸೇರಬೇಕು. ಇಲ್ಲಿ ಸೇರುತ್ತಿರಲಿಲ್ಲ. ಎಡಗಡೆಯ ಕಟ್ಟಡ ಒಂದು ಕಡೆ, ಬಲಗಡೆಯದು ಇನ್ನೊಂದು ಕಡೆ ಓಡುತ್ತಿತ್ತು. ಕಣ್ಣಿಗೆ ಎಲ್ಲವೂ ಸರಿ ಅನ್ನಿಸುತ್ತದೆ, ಮೈ ಮಾತ್ರ ಒಪ್ಪುವುದಿಲ್ಲ. ಹೊಟ್ಟೆಯೊಳಗಿನ ಅಲುಗಾಟ ಅಲ್ಲಿಂದ ಬಂದದ್ದು.

ಈ ಏಟು ತಿಂದವನು ನಾನೊಬ್ಬನೇ ಅಲ್ಲ. ಮುಂದೆ ಸರ್ರಿಯಲಿಸ್ಟ್ ಚಿತ್ರಕಾರರಾದ ಇವ್ ತಾಂಗಿ 1923ರಲ್ಲಿ ಪ್ಯಾರಿಸ್ಸಿನ ಒಂದು ಗ್ಯಾಲರಿಯ ಕಿಟಕಿಯಲ್ಲಿ ಡಿ ಕಿರಿಕೊ ಚಿತ್ರ ಕಂಡು, ಹೋಗುತ್ತಿದ್ದ ಬಸ್ಸಿನಿಂದ ಇಳಿದುಬಿಟ್ಟರು ಅನ್ನುತ್ತಾರೆ. ಯಾರ ಹತ್ತಿರವೂ ಚಿತ್ರಕಲೆ ಕಲಿಯದ ಮನುಷ್ಯ ಅವರು. ಬೆಲ್ಜಿಯಂನ ಚಿತ್ರಕಾರ ರೆನೆ ಮಗ್ರಿಟ್ ಕೂಡ ಡಿ ಕಿರಿಕೊ 1914ರಲ್ಲಿ ಬರೆದ ಒಂದು ಚಿತ್ರದ ಅಚ್ಚು ನೋಡಿ ಕಣ್ಣೀರು ಹಾಕಿದ್ದರಂತೆ. ಫ್ರೆಂಚ್ ಕವಿ ಆಂದ್ರೆ ಬ್ರೆಟನ್ ಸರ್ರಿಯಲಿಸಂನ ಪ್ರಣಾಳಿಕೆ ಹೊರಡಿಸಿದ್ದು 1924ರಲ್ಲಿ. ಡಿ ಕಿರಿಕೊ ಚಿತ್ರಗಳು ಅದಕ್ಕೂ ಹತ್ತು ವರ್ಷ ಮುಂಚೆಯೇ ಬಂದು ಕಾಯುತ್ತಿದ್ದವು.

ಆಮೇಲೆ ನನಗೆ ಜಾಸ್ತಿ ಹತ್ತಿರವಾದವರು ಮಗ್ರಿಟ್. ಬದುಕಿಗಾಗಿ ಅವರು ಗೋಡೆಕಾಗದದ ಕಾರ್ಖಾನೆಯಲ್ಲಿ ವಿನ್ಯಾಸ ಬರೆದರು. 1930ರ ದಶಕದಲ್ಲಿ ತಮ್ಮನ ಜೊತೆ ಸೇರಿ ಜಾಹೀರಾತು ಕೆಲಸ ಮಾಡಿದರು. ಬ್ರಸೆಲ್ಸ್‌ನ ಸಾಧಾರಣ ಮನೆಯಲ್ಲಿ, ಊಟದ ಕೋಣೆಯಲ್ಲೇ ಈಸಲ್ ಇಟ್ಟುಕೊಂಡು ಚಿತ್ರ ಬರೆಯುತ್ತಿದ್ದರು. ಬೆಂಕಿಗೂಡಿನಿಂದ ರೈಲು ಎಂಜಿನ್ ಹೊರಬರುವ ಅವರ 1938ರ ಚಿತ್ರವನ್ನು ನಿಧಾನವಾಗಿ ನೋಡಿ. ಎಂಜಿನ್ ಬರೀ ಎಂಜಿನ್. ಗಡಿಯಾರ ಬರೀ ಗಡಿಯಾರ. ಎಂಜಿನ್ನಿನ ಹೊಗೆ ಕೂಡ ಶಿಸ್ತಾಗಿ ಚಿಮಣಿಯೊಳಗೆ ಮೇಲೆ ಹೋಗುತ್ತದೆ. ಒಂದೇ ಒಂದು ವಿಷಯ ತಪ್ಪಿದೆ, ಉಳಿದಿದ್ದೆಲ್ಲ ನೆಟ್ಟಗಿದೆ. ಅಂಗಡಿ ಬೋರ್ಡಿನಷ್ಟು ಸಾದಾ ಕೈ. ಆ ಸಾದಾತನದಿಂದಲೇ ನಾವು ಎಂಜಿನ್ನನ್ನು ನಂಬುತ್ತೇವೆ.

ಸ್ಪೇನಿನಲ್ಲಿ ಹುಟ್ಟಿದ ಚಿತ್ರಕಾರ್ತಿ ರೆಮೆಡಿಯೊಸ್ ವಾರೊ ಬಗ್ಗೆ ಓದಿದ ದಿನ ನನಗೆ ಬೇರೆಯೇ ಖುಷಿ. ಅವರ ಅಪ್ಪ ಜಲವಿದ್ಯುತ್, ಕಾಲುವೆಯಂಥ ನೀರಿನ ಕೆಲಸಗಳ ಎಂಜಿನಿಯರ್. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ತಮ್ಮ ನಕ್ಷೆಗಳನ್ನು ನಕಲು ಮಾಡಿಸುತ್ತಿದ್ದರು. ಸ್ಪೇನ್ ಬಿಟ್ಟು, ಪ್ಯಾರಿಸ್ ಬಿಟ್ಟು, 1941ರ ಕೊನೆಯಲ್ಲಿ ಮೆಕ್ಸಿಕೊ ಸೇರಿದ ಮೇಲೆ ಅವರು ವರ್ಷಗಟ್ಟಲೆ ಔಷಧ ಕಂಪನಿಯ ಜಾಹೀರಾತಿಗೆ ಚಿತ್ರ ಬರೆದರು. ಸ್ವಂತ ಪ್ರದರ್ಶನದ ಮಾತು ಬಂದಿದ್ದು 1950ರ ದಶಕದ ನಡುವೆ. 1963ರಲ್ಲಿ ತೀರಿಕೊಂಡರು. ಇವತ್ತು ನಾವು ವಾರೊ ಅಂತ ಗುರುತಿಸುವ ಚಿತ್ರಗಳಲ್ಲಿ ಹೆಚ್ಚಿನವು ಆ ಕೊನೆಯ ಕೆಲವೇ ವರ್ಷಗಳವು. ಅವುಗಳಲ್ಲಿರುವ ಗಾಲಿ, ರಾಟೆ, ಕೊಳವೆಗಳನ್ನು ನೋಡಿದರೆ ನಕ್ಷೆಯ ಕೈ ಥಟ್ಟನೆ ಗೊತ್ತಾಗುತ್ತದೆ. ನನ್ನ ನೌಕರಿ ನನ್ನ ಚಿತ್ರಕ್ಕೆ ಅಡ್ಡ ಅಂತ ಅಲ್ಲಿಯವರೆಗೆ ಕೊರಗುತ್ತಿದ್ದೆ. ಆ ಕೊರಗು ಅವತ್ತೇ ಹೋಯಿತು.

ಬೀಗಕ್ಕೆ ವಾಪಸ್ ಬರುತ್ತೇನೆ. ಮೊದಲ ಸಲ ಬರೆದಾಗ ಕೋಣೆಯ ಮೂಲೆಯಲ್ಲಿ ಒಂದು ಮೀನನ್ನೂ ಸೇರಿಸಿದ್ದೆ. ನಮ್ಮ ಆಫೀಸಿನಲ್ಲಿ ಎಲ್ಲರ ನಕ್ಷೆಯನ್ನೂ ಕೆಂಪು ಪೆನ್ಸಿಲ್ ಹಿಡಿದು ಚೆಕ್ ಮಾಡುವ ಹಿರಿಯರೊಬ್ಬರಿದ್ದರು. ಒಂದು ಭಾನುವಾರ ಮನೆಗೆ ಬಂದಾಗ ಚಿತ್ರ ತೋರಿಸಿದೆ. ತುಂಬ ಹೊತ್ತು ನೋಡಿದರು.

“ಬೀಗ ಚೆನ್ನಾಗಿದೆ. ಮೀನು ಯಾಕಪ್ಪ?” ಅಂದರು.

“ಸುಮ್ನೆ ಸರ್, ಕನಸಿನ ಥರ ಇರಲಿ ಅಂತ.”

“ಕನಸಲ್ಲಿ ಮೀನಿತ್ತಾ?”

“ಇರಲಿಲ್ಲ.”

ಅವರು ಅಷ್ಟಕ್ಕೆ ಬಿಡಲಿಲ್ಲ. ದೀಪ ಎಡಕ್ಕಿದೆ, ಕುರ್ಚಿಯ ನೆರಳೂ ಎಡಕ್ಕೇ ಬಿದ್ದಿದೆ, ಬೇಕಂತ ಮಾಡಿದ್ದಾ ಅಂತ ಕೇಳಿದರು. ಬೇಕಂತ ಮಾಡಿದ್ದಲ್ಲ. ನನ್ನ ಗಮನಕ್ಕೇ ಬಂದಿರಲಿಲ್ಲ. ಸರ್ರಿಯಲಿಸಂನಲ್ಲಿ ಏನು ಬೇಕಾದರೂ ನಡೆಯುತ್ತದೆ ಅಂತ ವಾದ ಮಾಡಬಹುದಿತ್ತು, ಮಾಡಲಿಲ್ಲ. ಡಿ ಕಿರಿಕೊ ಗೆರೆಗಳನ್ನು ತಪ್ಪಿಸಿದ್ದು ಗೊತ್ತಿದ್ದು, ಅಳೆದು, ಎಷ್ಟು ಬೇಕೋ ಅಷ್ಟೇ. ನನ್ನದು ಕೈತಪ್ಪು. ನೋಡುವವರಿಗೆ ಕಾರಣ ಹೇಳಲು ಬರದಿದ್ದರೂ ಈ ಎರಡರ ವ್ಯತ್ಯಾಸ ಅವರ ಕಣ್ಣಿಗೆ ಗೊತ್ತಾಗಿಬಿಡುತ್ತದೆ ಅಂತ ನನ್ನ ನಂಬಿಕೆ. ಮೀನು ಒರೆಸಿದೆ. ನೆರಳು ಬಲಕ್ಕೆ ತಂದೆ. ಬೀಗದ ದಪ್ಪ ಗೋಡೆಗೆ ಹ್ಯಾಚಿಂಗ್ ಎಳೆದೆ, ಆಫೀಸಿನಲ್ಲಿ ಎಳೆಯುವ ಹಾಗೆಯೇ, ಗೆರೆ ಗೆರೆಗೂ ಒಂದೇ ಅಂತರ ಬಿಟ್ಟು. ಈಗ ಇಡೀ ಚಿತ್ರದಲ್ಲಿ ವಿಚಿತ್ರ ಒಂದೇ: ಬೀಗದೊಳಗೆ ಕೋಣೆ. ಅಂದಿನಿಂದ ಪ್ರತಿ ಚಿತ್ರ ಶುರು ಮಾಡುವ ಮುಂಚೆ ಇದರಲ್ಲಿ ತಪ್ಪಿರುವುದು ಯಾವುದು ಅಂತ ಒಂದು ಸಾಲಿನಲ್ಲಿ ಬರೆದುಕೊಳ್ಳುತ್ತೇನೆ. ಎರಡು ಸಾಲು ಬೇಕಾದರೆ ಅವು ಎರಡು ಚಿತ್ರ.

ಸಮಯದ ವಿಷಯ ಎಲ್ಲರೂ ಕೇಳುತ್ತಾರೆ. ವಾರದಲ್ಲಿ ನಾಲ್ಕು ಸಂಜೆ ಒಂದೊಂದು ಗಂಟೆ, ಭಾನುವಾರ ಬೆಳಗ್ಗೆ ಮೂರು ಗಂಟೆ ನನಗೆ ಸಿಗುತ್ತದೆ. ಎಣ್ಣೆ ಬಣ್ಣಕ್ಕೆ ಇದು ಕಮ್ಮಿಯೇನಲ್ಲ. ತೆಳುವಾದ ಪದರ ಕೂಡ ಮುಟ್ಟಲು ಬರುವಷ್ಟು ಒಣಗಲು ಕೆಲವು ದಿನ ಬೇಕು. ಇಡೀ ದಿನ ಪಕ್ಕದಲ್ಲೇ ಕೂತರೂ ಅದು ಬೇಗ ಒಣಗುವುದಿಲ್ಲ. ನಾನು ಆಫೀಸಿನಲ್ಲಿರುವಾಗ ಗೋಡೆಯ ಮೇಲೆ ಚಿತ್ರ ತನ್ನ ಕೆಲಸ ಮಾಡಿಕೊಳ್ಳುತ್ತಿರುತ್ತದೆ. ಮೂರು ಚಿತ್ರ ಒಟ್ಟಿಗೆ ಇಟ್ಟುಕೊಂಡರೆ ಕೈಯೂ ಖಾಲಿ ಇರುವುದಿಲ್ಲ. ಅಳತೆಯಂತೂ ಚಿಕ್ಕದು. ಸ್ಪೇನಿನ ಚಿತ್ರಕಾರ ಸಾಲ್ವಡಾರ್ ಡಾಲಿಯ ಮೆತ್ತಗಿನ ಗಡಿಯಾರಗಳ ಆ 1931ರ ಚಿತ್ರ ಎಷ್ಟಿದೆ ಗೊತ್ತಾ? 24 ಸೆಂಟಿಮೀಟರ್ ಎತ್ತರ, 33 ಸೆಂಟಿಮೀಟರ್ ಅಗಲ. ಹಳೆಯ ಕ್ಯಾಲೆಂಡರಿನ ಒಂದು ಹಾಳೆಯಷ್ಟು. ಅಷ್ಟು ಜಾಗ ಸಾಕು.

ಅವಸರ ಮಾಡಿ ಒಂದು ಚಿತ್ರ ಕಳೆದುಕೊಂಡಿದ್ದೇನೆ. ರಾತ್ರಿಯ ಆಕಾಶಕ್ಕೆ ಐವರಿ ಬ್ಲ್ಯಾಕ್ ದಪ್ಪಗೆ ಬಳಿದಿದ್ದೆ. ಆ ಕಪ್ಪು ತುಂಬ ನಿಧಾನ ಒಣಗುವ ಬಣ್ಣ. ನಾಲ್ಕನೇ ದಿನವೇ ಅದರ ಮೇಲೆ ಬರ್ಂಟ್ ಅಂಬರ್ ಅನ್ನುವ ಕಂದು ಬಣ್ಣ ಹಾಕಿದೆ, ಅದು ಬೇಗ ಒಣಗುವಂಥದ್ದು. ಮೇಲಿನದು ಒಣಗಿ ಬಿಗಿಯಾಯಿತು, ಕೆಳಗಿನದು ಇನ್ನೂ ಹಸಿ. ಎರಡು ತಿಂಗಳಲ್ಲಿ ಆಕಾಶದ ತುಂಬ ಬಿರುಕು. ಈಗ ತಪ್ಪದೆ ಪಾಲಿಸುವ ಕ್ರಮ ಇಷ್ಟೇ: ಕೆಳಗೆ ಬೇಗ ಒಣಗುವ, ಎಣ್ಣೆ ಕಮ್ಮಿ ಇರುವ ಪದರ. ಮೇಲೆ ಮೇಲೆ ಹೋದ ಹಾಗೆ ಎಣ್ಣೆ ಜಾಸ್ತಿ. ಕೊನೆಯ ವಾರ್ನಿಷ್‌ಗೆ ಆರು ತಿಂಗಳಾದರೂ ಕಾಯುತ್ತೇನೆ.

ಚಿತ್ರದ ಬೀಜ ಎಲ್ಲಿಂದ ಬರುತ್ತದೆ ಅನ್ನುವುದಕ್ಕೆ ಎರಡು ದಾರಿ ನನಗೆ ಒಗ್ಗಿವೆ. ಡಾಲಿ ಹೇಳಿದ ಕೀಲಿಯ ಉಪಾಯ ಒಂದು. ಕುರ್ಚಿಯಲ್ಲಿ ಒರಗಿ, ಭಾರದ ಕೀಲಿಯೊಂದನ್ನು ಬೆರಳ ತುದಿಯಲ್ಲಿ ಹಿಡಿದು, ಕೆಳಗೆ ತಟ್ಟೆ ಬೋರಲು ಹಾಕಿಡಬೇಕು. ನಿದ್ದೆ ಹತ್ತಿದ ಕ್ಷಣ ಕೀಲಿ ಬಿದ್ದು ಎಚ್ಚರವಾಗುತ್ತದೆ. ಬೀಗ ನನಗೆ ತಾನಾಗಿ ಕಂಡ ಜಾಗ ಇದೇ, ನಿದ್ದೆಯ ಹೊಸ್ತಿಲು. ಹತ್ತು ಸಲ ಕೂತರೆ ಎಂಟು ಸಲ ಏನೂ ಸಿಗುವುದಿಲ್ಲ, ಉಳಿದ ಎರಡು ಸಾಕು. ಇನ್ನೊಂದು, ಚಿತ್ರಕಾರ ಮ್ಯಾಕ್ಸ್ ಅರ್ನ್ಸ್ಟ್ 1925ರಲ್ಲಿ ಕಂಡುಕೊಂಡ ಫ್ರೊಟಾಜ್. ಮರದ ನೆಲಹಾಸಿನ ಮೇಲೆ ಕಾಗದ ಹಾಸಿ ಪೆನ್ಸಿಲ್ ಉಜ್ಜಿದರು, ಮರದ ಎಳೆಗಳಲ್ಲಿ ಕಾಡು, ಹಕ್ಕಿ ಎದ್ದು ಬಂದವು. ನಾನು ಹಳೆಯ ಡ್ರಾಯಿಂಗ್ ಬೋರ್ಡಿನ ಹಿಂಬದಿಯನ್ನು ಉಜ್ಜುತ್ತೇನೆ. ಪಿನ್ನು ಚುಚ್ಚಿದ ತೂತುಗಳು ನಕ್ಷತ್ರಗಳಾಗುತ್ತವೆ.

ಒಮ್ಮೆ ಒಂದು ಗ್ಯಾಲರಿಗೆ ಚಿತ್ರಗಳ ಫೋಟೊ ತೆಗೆದುಕೊಂಡು ಹೋಗಿದ್ದೆ. ವರ್ಷಕ್ಕೆ ಎಷ್ಟು ಮಾಡುತ್ತೀರಿ ಅಂತ ಕೇಳಿದರು. ಆರು ಅಂದೆ. ಆಲ್ಬಮ್ ಮುಚ್ಚಿ ವಾಪಸ್ ಕೊಟ್ಟು, ಹವ್ಯಾಸಿಗಳದ್ದು ನಾವು ತೆಗೆದುಕೊಳ್ಳುವುದಿಲ್ಲ ಅಂದರು. ಮೂರನೇ ಪುಟವನ್ನೂ ತಿರುಗಿಸಿರಲಿಲ್ಲ. ತುಂಬ ನೋವಾಯಿತು. ಡೆಸ್ಮಂಡ್ ಮಾರಿಸ್ 1950ರಲ್ಲೇ ಲಂಡನ್ನಿನಲ್ಲಿ ಹೆಸರಾಂತ ಚಿತ್ರಕಾರ ಮಿರೊ ಜೊತೆ ತಮ್ಮ ಸರ್ರಿಯಲಿಸ್ಟ್ ಚಿತ್ರ ಪ್ರದರ್ಶಿಸಿದವರು. ಆದರೂ ಜಗತ್ತು ಅವರನ್ನು ಪ್ರಾಣಿಶಾಸ್ತ್ರಜ್ಞ ಅಂತಲೇ ತಿಳಿದಿದೆ. ಅವರು ಚಿತ್ರ ಬರೆಯುವುದನ್ನು ಬಿಡಲಿಲ್ಲ. ಬ್ರೆಟನ್ ಮತ್ತು ಗೆಳೆಯರು ಮೆಚ್ಚಿಕೊಂಡ ಫೆರ್ಡಿನಾಂಡ್ ಶೆವಾಲ್ ಫ್ರಾನ್ಸಿನ ಒಬ್ಬ ಅಂಚೆಯವರು. ಪತ್ರ ಹಂಚುವ ದಾರಿಯಲ್ಲಿ ಕಲ್ಲು ಆಯ್ದು ತಂದು, 1879ರಿಂದ 1912ರವರೆಗೆ 33 ವರ್ಷ ಒಂದು ಅರಮನೆ ಕಟ್ಟಿದರು. ಇವರಿಬ್ಬರ ಫೋಟೊಗಳನ್ನು ನನ್ನ ಮೇಜಿನ ಎದುರು ಅಂಟಿಸಿಕೊಂಡಿದ್ದೇನೆ. ಆಮೇಲೆ ಗೆಳೆಯರ ಜೊತೆ ಮೂರು ಗುಂಪು ಪ್ರದರ್ಶನಗಳಲ್ಲಿ ಚಿತ್ರ ಇಟ್ಟೆ. ಹದಿನಾಲ್ಕು ಮಾರಾಟವಾದವು.

ಬೀಗ ಮಾತ್ರ ಕೊಟ್ಟಿಲ್ಲ. ನಾನು ಬರೆಯುವ ಜಾಗದಲ್ಲೇ ಇದೆ. ಅದರ ಪಕ್ಕ ಈಗ ಒಂದು ನಲ್ಲಿಯ ಸೆಕ್ಷನ್ ಒಣಗುತ್ತಿದೆ. ಹಿತ್ತಾಳೆಯ ಹ್ಯಾಚಿಂಗ್ ಮುಗಿದಿದೆ. ನೀರು ಹರಿಯಬೇಕಾದ ಕೊಳವೆಯೊಳಗೆ ಒಂದು ಮೆಟ್ಟಿಲ ಸಾಲು ಕೆಳಗಿಳಿಯುತ್ತದೆ. ಕೊನೆಯ ಮೆಟ್ಟಿಲು ಮಾತ್ರ ಒದ್ದೆ ಇರಬೇಕು. ಆ ಒದ್ದೆಯ ಹೊಳಪಿಗೆ ಕೆಳಗಿನ ಪದರ ಪೂರ್ತಿ ಒಣಗಬೇಕು, ಈ ಭಾನುವಾರ ಬೆರಳು ಮುಟ್ಟಿಸಿ ನೋಡುತ್ತೇನೆ.