ಒಂದೇ ಕಾಮನಬಿಲ್ಲು, ಬೇರೆ ದೇವರು: ಜಪಾನಿನ ವಿಜಯ ಪದಕ ಹುಡುಕಿದ ನನ್ನ ಅನುಭವ

ನಮ್ಮ ಮನೆಯ ದೇವರ ಕೋಣೆಯಲ್ಲಿ ಒಂದು ತಗಡಿನ ಪೆಟ್ಟಿಗೆ ಇತ್ತು. ಅದರೊಳಗೆ ಮೊದಲ ಮಹಾಯುದ್ಧದ ನಂತರ ಮುತ್ತಜ್ಜನಿಗೆ ಬ್ರಿಟಿಷರು ಕೊಟ್ಟ ಒಂದು ಕಂಚಿನ ಪದಕ. ಅವರು ಮೈಸೂರು ಸಂಸ್ಥಾನದ ಕುದುರೆಪಡೆಯಾದ ಮೈಸೂರು ಲ್ಯಾನ್ಸರ್ಸ್‌ನಲ್ಲಿ ಸವಾರರಾಗಿದ್ದರು. 1918ರ ಸೆಪ್ಟೆಂಬರ್ 23ರಂದು, ಇವತ್ತಿನ ಇಸ್ರೇಲಿನಲ್ಲಿರುವ ಹೈಫಾ ಊರನ್ನು ಗೆದ್ದ ಪಡೆಗಳಲ್ಲಿ ಅದೂ ಒಂದು. ಜೋಧಪುರದವರು ಊರಿಗೆ ನುಗ್ಗಿದರು, ಮೈಸೂರಿನವರು ಕಾರ್ಮೆಲ್ ಬೆಟ್ಟ ಹತ್ತಿ ಅಲ್ಲಿದ್ದ ಫಿರಂಗಿಗಳನ್ನು ಹಿಡಿದರು. ಪದಕದ ಮೇಲೆ ರೆಕ್ಕೆ ಬಿಚ್ಚಿ ನಿಂತ ಒಬ್ಬ ಹೆಂಗಸಿದ್ದಾಳೆ. ಅಜ್ಜಿ ಅವಳನ್ನು 'ರೆಕ್ಕೆ ಲಕ್ಷ್ಮಿ' ಅನ್ನುತ್ತಿದ್ದರು. ಆಯುಧಪೂಜೆಯ ದಿನ ಅವಳಿಗೆ ಕುಂಕುಮ ಇಡುತ್ತಿದ್ದರು.

ನನಗೆ ಚಿಕ್ಕಂದಿನಿಂದ ಇಷ್ಟವಾಗಿದ್ದು ಅದರ ರಿಬ್ಬನ್. ಎರಡು ಕಾಮನಬಿಲ್ಲುಗಳನ್ನು ಪಕ್ಕಪಕ್ಕ ಮಲಗಿಸಿದ ಹಾಗೆ. ಮಧ್ಯದಲ್ಲಿ ಕೆಂಪು, ಎರಡೂ ಅಂಚಿಗೆ ನೇರಳೆ. ಅದಕ್ಕೇ ಬೆಂಗಳೂರಿನ ಒಂದು ನಾಣ್ಯ ಪ್ರದರ್ಶನದಲ್ಲಿ ಅದೇ ರಿಬ್ಬನ್ ಕಣ್ಣಿಗೆ ಬಿದ್ದಾಗ ಕಾಲು ತಾನಾಗಿಯೇ ನಿಂತುಬಿಟ್ಟಿತು. ಹತ್ತಿರ ಹೋಗಿ ನೋಡಿದೆ. ರೆಕ್ಕೆ ಲಕ್ಷ್ಮಿ ಇರಲಿಲ್ಲ. ಅವಳ ಜಾಗದಲ್ಲಿ ಹಳೇ ಕಾಲದ ಉಡುಪು ತೊಟ್ಟು ಭರ್ಜಿ ಹಿಡಿದ ಒಬ್ಬ ವೀರ ನಿಂತಿದ್ದ. ಅಂಗಡಿಯವರು "ಜಪಾನ್ ಸರ್" ಅಂದರು. ಅಷ್ಟೇ. ಬೆಲೆ ಕೇಳಿ ವಾಪಸ್ ಬಂದೆ, ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಮನೆಯ ರಿಬ್ಬನ್ ಜಪಾನಿಗೆ ಹೇಗೆ ಹೋಯಿತು?

ಹುಡುಕುತ್ತಾ ಹೋದಾಗ ವಿಷಯ ಗೊತ್ತಾಯಿತು. ಮೊದಲ ಮಹಾಯುದ್ಧ ಮುಗಿದ ಮೇಲೆ ಫ್ರಾನ್ಸಿನ ಮಾರ್ಷಲ್ ಫೋಶ್ ಒಂದು ಸಲಹೆ ಕೊಟ್ಟರು. ಗೆದ್ದ ದೇಶಗಳೆಲ್ಲ ತಮ್ಮ ಸೈನಿಕರಿಗೆ ಒಂದೇ ಬಗೆಯ ವಿಜಯ ಪದಕ ಕೊಡಲಿ, ಆಗ ಒಬ್ಬರಿಗೊಬ್ಬರು ಪದಕ ವಿನಿಮಯ ಮಾಡಿಕೊಳ್ಳುವ ರಗಳೆ ಇರುವುದಿಲ್ಲ ಅಂತ. 1919ರಲ್ಲಿ ಪ್ಯಾರಿಸ್‌ನಲ್ಲಿ ಕೂತು ನಿಯಮ ಬರೆದರು. ಕಂಚು, 36 ಮಿಲಿಮೀಟರ್ ಅಗಲ, ಎರಡು ಕಾಮನಬಿಲ್ಲಿನ ರಿಬ್ಬನ್. ಒಂದು ಮುಖದಲ್ಲಿ ರೆಕ್ಕೆಯ ವಿಜಯದೇವತೆ, ಇನ್ನೊಂದರಲ್ಲಿ ನಾಗರಿಕತೆಗಾಗಿ ನಡೆದ ಮಹಾಯುದ್ಧ ಎಂಬ ಮಾತು ಅವರವರ ಭಾಷೆಯಲ್ಲಿ. ಹದಿನಾಲ್ಕು ದೇಶಗಳು ಇದನ್ನು ಮಾಡಿಸಿದವು. ಹೆಚ್ಚಿನ ದೇಶಗಳ ದೇವತೆ ಬೇರೆ ಬೇರೆ ಶಿಲ್ಪಿಗಳ ಕೈಯಿಂದ ಬಂದವಳು. ಆದರೂ ಅವಳು ಗ್ರೀಕ್ ಮತ್ತು ರೋಮನ್ ಕಥೆಗಳ ಹೆಣ್ಣೇ.

ಎರಡು ದೇಶಗಳಿಗೆ ಮಾತ್ರ ವಿನಾಯಿತಿ ಸಿಕ್ಕಿತು. ಜಪಾನ್ ಮತ್ತು ಸಯಾಂ, ಅಂದರೆ ಇವತ್ತಿನ ಥಾಯ್ಲೆಂಡ್. ಅಲ್ಲಿಯ ಜನರಿಗೆ ರೆಕ್ಕೆಯ ಹೆಂಗಸು ಅಂದರೆ ಗೆಲುವು ಅಂತ ಹೊಳೆಯುವುದಿಲ್ಲ ಅಲ್ವಾ? ಸಯಾಂ ತನ್ನ ಪದಕದಲ್ಲಿ ನಾರಾಯಣನನ್ನು ನಿಲ್ಲಿಸಿತು. ಹೌದು, ನಮ್ಮ ವಿಷ್ಣುವೇ. ಜಪಾನ್ ತಕೆಮಿಕಾಜುಚಿ ಎಂಬ ತನ್ನ ದೇವರನ್ನು ಆರಿಸಿತು. ಪ್ರದರ್ಶನದಲ್ಲಿ ನಾನು ಕಂಡ ಭರ್ಜಿಯ ವೀರ ಅವನೇ. ಇಡೀ ಸರಣಿಯಲ್ಲಿ ಅತ್ಯಂತ ಸರಿಯಾದ ಆಯ್ಕೆ ಮಾಡಿದವರು ಈ ಇಬ್ಬರೇ ಅಂತ ನನ್ನ ಅಭಿಪ್ರಾಯ.

ತಕೆಮಿಕಾಜುಚಿ ಗುಡುಗು ಮತ್ತು ಕತ್ತಿಯ ದೇವರು. ಜಪಾನಿನ ಇಬರಾಕಿ ಸೀಮೆಯ ಕಶಿಮಾ ಗುಡಿ ಅವನದು. ಹಳೆಯ ಕಥೆಯಲ್ಲಿ ಅವನು ಇಜುಮೋ ಕಡಲತೀರಕ್ಕೆ ಇಳಿದು ಬರುತ್ತಾನೆ. ಕತ್ತಿಯನ್ನು ಅಲೆಯ ಮೇಲೆ ತಲೆಕೆಳಗಾಗಿ ನೆಟ್ಟು, ಅದರ ಮೊನೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ನಾಡನ್ನು ಬಿಟ್ಟುಕೊಡಿ ಅಂತ ಕೇಳುತ್ತಾನೆ. ಅಲ್ಲಿಯ ಒಬ್ಬ ದೇವರು ಒಪ್ಪದೆ ಕೈ ಹಿಡಿದು ಜಗ್ಗಾಡುತ್ತಾನೆ, ಸೋಲುತ್ತಾನೆ. ಸುಮೋ ಕುಸ್ತಿ ಶುರುವಾಗಿದ್ದೇ ಅಲ್ಲಿಂದ ಅಂತ ಜಪಾನಿನಲ್ಲಿ ಹೇಳುತ್ತಾರೆ. ಭೂಮಿಯ ಕೆಳಗೆ ಒಂದು ದೊಡ್ಡ ಮೀನು ಹೊರಳಿದರೆ ಭೂಕಂಪ ಆಗುತ್ತದೆ, ಅದನ್ನು ಕಲ್ಲಿನಿಂದ ಒತ್ತಿ ಹಿಡಿದಿರುವವನೂ ಇವನೇ. ಇದನ್ನು ಓದಿದಾಗ ನನಗೆ ನೆನಪಾಗಿದ್ದು ಭೂಮಿ ಹೊತ್ತ ಆದಿಶೇಷ.

ಜಪಾನ್ ಈ ಯುದ್ಧದಲ್ಲಿ ಏನು ಮಾಡಿತು ಅಂತ ನಮ್ಮಲ್ಲಿ ಜಾಸ್ತಿ ಜನಕ್ಕೆ ಗೊತ್ತಿಲ್ಲ. 1914ರ ಆಗಸ್ಟ್ 23ರಂದು ಅದು ಜರ್ಮನಿಯ ಮೇಲೆ ಯುದ್ಧ ಸಾರಿತು. ಚೀನಾದ ಚಿಂಗ್‌ದಾವ್ ಬಂದರು ಆಗ ಜರ್ಮನರ ಕೈಯಲ್ಲಿತ್ತು. ಜಪಾನೀಯರು ಅದಕ್ಕೆ ಮುತ್ತಿಗೆ ಹಾಕಿದರು, ನವೆಂಬರ್ 7ರಂದು ಅದು ಶರಣಾಯಿತು. ಅವರ ಜೊತೆ ಒಂದು ಸಣ್ಣ ಬ್ರಿಟಿಷ್ ಪಡೆ ಇತ್ತು, ಅದರಲ್ಲಿ ನಮ್ಮ 36ನೇ ಸಿಖ್ ರೆಜಿಮೆಂಟಿನ ಅರ್ಧ ಬೆಟಾಲಿಯನ್ ಕೂಡ ಇತ್ತು. 1914ರ ಸೆಪ್ಟೆಂಬರ್ 22ರಂದು ಮದರಾಸಿನ ಮೇಲೆ ಗುಂಡು ಹಾರಿಸಿದ ಜರ್ಮನರ ಎಮ್ಡನ್ ಹಡಗು ಇದೆಯಲ್ಲ, ಅದರ ನೆಲೆ ಈ ಚಿಂಗ್‌ದಾವ್ ಬಂದರೇ. 1917ರಲ್ಲಿ ಜಪಾನಿನ ನೌಕಾಪಡೆ ಮಾಲ್ಟಾದವರೆಗೂ ಹೋಗಿ ಮಿತ್ರರ ಹಡಗುಗಳಿಗೆ ಕಾವಲು ನಿಂತಿತು. ಆ ವರ್ಷ ಜೂನ್ 11ರಂದು ಸಕಾಕಿ ಎಂಬ ಅವರ ಯುದ್ಧನೌಕೆಗೆ ಟಾರ್ಪಿಡೊ ಬಡಿದು 59 ಜನ ಸತ್ತರು. ಮಾಲ್ಟಾದ ಸ್ಮಶಾನದಲ್ಲಿ ಅವರ ಸ್ಮಾರಕ ಇವತ್ತಿಗೂ ಇದೆ. 1920ರ ಸೆಪ್ಟೆಂಬರ್‌ನಲ್ಲಿ ಚಕ್ರವರ್ತಿಯ ಆಜ್ಞೆಯ ಮೂಲಕ ವಿಜಯ ಪದಕ ಜಾರಿಗೆ ಬಂತು. ಜಪಾನಿ ಹೆಸರು ಸೆನ್‌ಶೋ ಕಿಶೋ.

ಸರಿ, ಕೊಂಡಿದ್ದು ಹೇಗೆ ಅಂತ ಹೇಳುತ್ತೇನೆ. ಮೊದಲು ಆನ್‌ಲೈನ್‌ನಲ್ಲಿ ಒಂದು ತರಿಸಿದೆ. ಮೋಸಹೋದೆ. ಫೋಟೋದಲ್ಲಿ ಚೆನ್ನಾಗಿ ಕಂಡಿತ್ತು. ಕೈಗೆ ಬಂದಾಗ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್ ಹಿಡಿದು ಬೆಳಗಿನ ಬಿಸಿಲಿಗೆ ಓರೆಯಾಗಿ ನೋಡಿದೆ. ದೇವರ ಮುಖದಲ್ಲಿ ಮೂಗು ಕರಗಿದ ಹಾಗಿತ್ತು. ಖಾಲಿ ಜಾಗದಲ್ಲೆಲ್ಲ ಇಡ್ಲಿಯ ಮೇಲಿನ ತೂತುಗಳಂಥ ಸಣ್ಣ ಸಣ್ಣ ಗುಳಿಗಳು. ಅಂಚಿನ ಸುತ್ತ ಬೆರಳಿನ ಉಗುರು ಓಡಿಸಿದರೆ ಒಂದು ಗೆರೆ ತಗುಲುತ್ತಿತ್ತು, ಅರದಿಂದ ಉಜ್ಜಿ ಮುಚ್ಚಲು ನೋಡಿದ ಗೆರೆ. ಎರಕ ಹೊಯ್ದ ನಕಲು ಹೀಗೇ ಇರುತ್ತದೆ. ಅಸಲಿ ಪದಕವನ್ನು ಉಕ್ಕಿನ ಅಚ್ಚಿನಿಂದ ಒತ್ತಿರುತ್ತಾರೆ, ಹಾಗಾಗಿ ಅಕ್ಷರದ ಬದಿಗಳು ಚೂಪಾಗಿ ಎದ್ದು ನಿಂತಿರುತ್ತವೆ, ಖಾಲಿ ಜಾಗ ನಯವಾಗಿರುತ್ತದೆ. ಕ್ಯಾಲಿಪರ್ ಇಟ್ಟು ಅಳತೆಯನ್ನೂ ನೋಡಿದೆ, 36 ಮಿಲಿಮೀಟರಿಗಿಂತ ಸ್ವಲ್ಪ ಕಡಿಮೆ. ಅಸಲಿಯಿಂದ ಅಚ್ಚು ತೆಗೆದು ಎರಕ ಹೊಯ್ದರೆ ಲೋಹ ಆರುವಾಗ ಕುಗ್ಗುತ್ತದೆ. ಆ ನಕಲನ್ನು ಎಸೆದಿಲ್ಲ. ಯಾರಾದರೂ ಕಲಿಯಲು ಬಂದರೆ ಮೊದಲು ಅದನ್ನೇ ಕೈಗೆ ಕೊಡುತ್ತೇನೆ.

ಎರಡನೆಯ ಸಲ ಅವಸರ ಮಾಡಲಿಲ್ಲ. ಎರಡು ವರ್ಷ ಕಾದು, ಒಬ್ಬ ಹಿರಿಯ ಸಂಗ್ರಾಹಕರ ಹತ್ತಿರ ಜೋಡಿಯಾಗಿ ಕೊಂಡೆ. ವಿಜಯ ಪದಕ ಒಂದು, ಅದೇ ಯುದ್ಧದ ಜೂಗುನ್ ಕಿಶೋ ಇನ್ನೊಂದು. ಜೂಗುನ್ ಕಿಶೋ ಅಂದರೆ ಯುದ್ಧಕ್ಕೆ ಹೋದವರಿಗೆ ಕೊಡುವ ಪದಕ. ಇದು ಜಪಾನಿನ ಸ್ವಂತ ಪರಂಪರೆ. 1874ರ ತೈವಾನ್ ದಂಡಯಾತ್ರೆಯ ಪದಕ ಇವುಗಳಲ್ಲಿ ಮೊದಲನೆಯದು. 1894-95ರ ಚೀನಾ ಯುದ್ಧದ ಪದಕವನ್ನು ಶತ್ರುಗಳಿಂದ ಕಿತ್ತುಕೊಂಡ ಫಿರಂಗಿಗಳ ಕಂಚಿನಿಂದಲೇ ಮಾಡಿದ್ದರು. ನನ್ನ ಹತ್ತಿರ ಇರುವುದರಲ್ಲಿ ಭೂಸೇನೆ ಮತ್ತು ನೌಕಾಸೇನೆಯ ಬಾವುಟಗಳು ಅಡ್ಡಡ್ಡವಾಗಿ ಇವೆ, ಮೇಲೆ ಚಕ್ರವರ್ತಿಯ ಸೇವಂತಿಗೆ ಲಾಂಛನ. ಅಗಲ 30 ಮಿಲಿಮೀಟರ್, ವಿಜಯ ಪದಕಕ್ಕಿಂತ ಸಣ್ಣದು.

ಜಪಾನಿ ಓದಲು ಬರದೆ ಇವನ್ನು ಗುರುತಿಸುವುದು ಹೇಗೆ? ನಾನು ಕಲಿತಿದ್ದು ಅಂಕಿಗಳಿಂದ. ಮೂರು ಅಂದರೆ ಮೂರು ಅಡ್ಡ ಗೆರೆ, ಇದು ಮಕ್ಕಳಿಗೂ ಗೊತ್ತಾಗುತ್ತದೆ. ನಾಲ್ಕು ಅಂದರೆ ಕಿಟಕಿಯಂಥ ಚೌಕ, ಒಳಗೆ ಎರಡು ಕಾಲು. ಒಂಬತ್ತಕ್ಕೆ ಬಲಗಡೆ ಕೊಕ್ಕೆಯಂಥ ಬಾಲ. ಈ ಯುದ್ಧದ ಜೂಗುನ್ ಕಿಶೋದಲ್ಲಿ ಎರಡು ಬಗೆ. ಒಂದರಲ್ಲಿ ತೈಶೋ 3-4 ಅಂತ ಇರುತ್ತದೆ, ಇನ್ನೊಂದರಲ್ಲಿ ತೈಶೋ 3ರಿಂದ 9. ತೈಶೋ ಅಂದರೆ ಆಗಿನ ಚಕ್ರವರ್ತಿಯ ಆಳ್ವಿಕೆಯ ಕಾಲದ ಹೆಸರು, ಆ ವರ್ಷಕ್ಕೆ 1911 ಕೂಡಿಸಿದರೆ ನಮ್ಮ ಇಸವಿ ಬರುತ್ತದೆ. ಹಾಗಾಗಿ ಮೊದಲನೆಯದು 1914-15, ಎರಡನೆಯದು 1914ರಿಂದ 1920. ಯುರೋಪಿನಲ್ಲಿ ಯುದ್ಧ ನಿಂತರೂ ಜಪಾನಿನ ಸೈನಿಕರು ಸೈಬೀರಿಯಾದಲ್ಲಿ ಇನ್ನೂ ಇದ್ದರು. ರಿಬ್ಬನ್ನಿನ ಮೇಲಿನ ಲೋಹದ ಪಟ್ಟಿಯ ನಾಲ್ಕು ಅಕ್ಷರಗಳನ್ನು ಬಲದಿಂದ ಎಡಕ್ಕೆ ಓದಬೇಕು. ನಾನು ಒಂದು ವಾರ ಉಲ್ಟಾ ಓದಿ ತಲೆ ಕೆಡಿಸಿಕೊಂಡಿದ್ದೆ, ಜಪಾನಿ ಕಲಿಯುತ್ತಿದ್ದ ಸಹೋದ್ಯೋಗಿ ಬಂದು ಬಿಡಿಸಿ ಹೇಳಿದರು. ವಿಜಯ ಪದಕದ ಹಿಂಬದಿಯಲ್ಲಿ ಮಿತ್ರ ದೇಶಗಳ ಬಾವುಟಗಳಿವೆ. ಅಲ್ಲಿಯ ಬರಹದಲ್ಲಿ 'ಬುನ್ಮೇಯ್' ಎಂಬ ಪದ ಇದೆ, ನಾಗರಿಕತೆ ಅಂತ ಅರ್ಥ. ಪ್ಯಾರಿಸ್‌ನಲ್ಲಿ ಒಪ್ಪಿಕೊಂಡ ಅದೇ ಮಾತು.

ಇನ್ನೊಂದು ವ್ಯತ್ಯಾಸ. ಮುತ್ತಜ್ಜನ ಪದಕದ ಅಂಚಿನಲ್ಲಿ ಅವರ ನಂಬರು, ದರ್ಜೆ, ಹೆಸರು, ದಳ ಎಲ್ಲ ಕೊರೆದಿದ್ದಾರೆ. ಬ್ರಿಟಿಷರ ರೂಢಿ ಅದು. ಜಪಾನಿನ ಪದಕದ ಅಂಚು ಖಾಲಿ. ಯಾರ ಎದೆಯ ಮೇಲೆ ಇತ್ತೋ, ಎಷ್ಟು ಹುಡುಕಿದರೂ ಗೊತ್ತಾಗುವುದಿಲ್ಲ. ಇದು ನನಗೆ ಇವತ್ತಿಗೂ ಸಂಕಟ ಕೊಡುತ್ತದೆ.

ನಾನು ಮಾಡಿದ ಒಂದು ತಪ್ಪನ್ನು ಹೇಳಲೇಬೇಕು. ಜೂಗುನ್ ಕಿಶೋ ಕಪ್ಪಾಗಿ ಕಂಡಿತು ಅಂತ, ದೀಪದ ಕಂಬ ತೊಳೆಯುವ ಹಾಗೆ ಹುಣಸೆಹಣ್ಣು ಹಚ್ಚಿ ಉಜ್ಜಿದೆ. ಎರಡೇ ನಿಮಿಷ. ನೂರು ವರ್ಷ ಕೂತು ಗಟ್ಟಿಯಾದ ಕಂದು ಬಣ್ಣ ನೀರಿನ ಜೊತೆ ಹೋಯಿತು, ಕೆಳಗೆ ಗುಲಾಬಿ ಬಣ್ಣದ ಹಸಿ ಲೋಹ ಕಾಣಿಸಿತು. ಸೇವಂತಿಗೆಯ ಎಸಳಿನ ಒಂದು ಬದಿ ಇವತ್ತಿಗೂ ಬೋಳಾಗಿದೆ. ಕೈ ನಡುಗಿತು. ಹುಣಸೆ, ನಿಂಬೆ, ಪಾಲಿಶ್, ಯಾವುದನ್ನೂ ಹಚ್ಚಬೇಡಿ. ಮೆತ್ತನೆ ಬ್ರಷ್‌ನಿಂದ ಧೂಳು ತೆಗೆದರೆ ಸಾಕು. ಬರಿಗೈಯಲ್ಲಿ ಮುಖ ಮುಟ್ಟಬೇಡಿ, ಅಂಚು ಹಿಡಿಯಿರಿ. ಪಿವಿಸಿ ಕವರ್ ಬೇಡ, ಅದು ಕಂಚಿಗೆ ಹಸಿರು ಹಿಡಿಸುತ್ತದೆ. ರಿಬ್ಬನ್‌ಗೆ ಬಿಸಿಲು ಶತ್ರು, ಬಣ್ಣ ಮಾಸುತ್ತದೆ. ಮಳೆಗಾಲದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟು ತಿಂಗಳಿಗೊಮ್ಮೆ ಬದಲಾಯಿಸುತ್ತೇನೆ.

ಕುಂಕುಮವೂ ಕಂಚಿಗೆ ಒಳ್ಳೆಯದಲ್ಲ. ಅಮ್ಮನಿಗೆ ಇದನ್ನು ಹೇಳಲು ನನಗೆ ಧೈರ್ಯ ಬರಲು ಒಂದು ವರ್ಷ ಬೇಕಾಯಿತು. ಕಳೆದ ಆಯುಧಪೂಜೆಗೆ ಎರಡು ಮರದ ಡಬ್ಬಿಗಳನ್ನು ಪಕ್ಕಪಕ್ಕ ಇಟ್ಟೆ, ಒಂದರಲ್ಲಿ ರೆಕ್ಕೆ ಲಕ್ಷ್ಮಿ, ಇನ್ನೊಂದರಲ್ಲಿ ಜಪಾನಿನ ದೇವರು. "ಇವನು ಯಾರೋ?" ಅಂದರು. ಗುಡುಗಿನ ದೇವರು ಅಂದೆ. ಅಮ್ಮ ಎರಡು ಮುಚ್ಚಳಕ್ಕೂ ಕುಂಕುಮ ಇಟ್ಟು, ಒಂದೊಂದು ಸೇವಂತಿಗೆ ಹೂ ಏರಿಸಿದರು.