ಪರಿವರ್ತಕ ಎಷ್ಟು ಮಾತಾಡಬೇಕು: ಕಮಾಂಡ್‌ಲೈನ್ ಟೂಲ್ ಒಂದರ ಸಂದೇಶಗಳನ್ನು ಸರಿಪಡಿಸಿದ ಅನುಭವ

ಹಳೆಯ ನುಡಿ ಫಾಂಟುಗಳಲ್ಲಿ ಬೆರಳಚ್ಚಾದ ಕಡತಗಳನ್ನು ಪ್ರತಿ ಅಕ್ಷರಕ್ಕೂ ನಿಗದಿತ ಸಂಕೇತವಿರುವ ಯೂನಿಕೋಡಿಗೆ ಬದಲಿಸುವ, ಆಜ್ಞೆ ಬೆರಳಚ್ಚಿಸಿ ಓಡಿಸುವ ಒಂದು ಚಿಕ್ಕ ಕಮಾಂಡ್‌ಲೈನ್ ಟೂಲನ್ನು ನಾನು ಕೆಲವು ವರ್ಷಗಳಿಂದ ಪೈಥಾನ್ ಭಾಷೆಯಲ್ಲಿ ಬರೆದು ನೋಡಿಕೊಳ್ಳುತ್ತಿದ್ದೇನೆ. ಆ ಫಾಂಟುಗಳಲ್ಲಿ ಕನ್ನಡದ ಅಕ್ಷರಭಾಗಗಳು ರೋಮನ್ ಅಕ್ಷರಗಳ ಮತ್ತು ಚಿಹ್ನೆಗಳ ಜಾಗದಲ್ಲಿ ಕೂತಿರುತ್ತವೆ. ಕಣ್ಣಿಗೆ ಕಾಣುವ ಕ್ರಮದಲ್ಲೇ ಅವನ್ನು ಜೋಡಿಸಿರುವುದರಿಂದ ಅರ್ಕಾವೊತ್ತಿನ ಗುರುತು ವ್ಯಂಜನದ ನಂತರ ಬರುತ್ತದೆ. ಯೂನಿಕೋಡಿನಲ್ಲಿ ರಕಾರ ವ್ಯಂಜನಕ್ಕಿಂತ ಮೊದಲು ಬರಬೇಕು. ಹೀಗೆ ಕ್ರಮ ಬದಲಿಸುವಾಗ ನನ್ನ ಕೋಷ್ಟಕದಲ್ಲಿ ಇಲ್ಲದ ಸಂಕೇತಗಳು, ಎರಡು ರೀತಿಯಲ್ಲಿ ಓದಬಹುದಾದ ಜೋಡಣೆಗಳು, ಬೇರೆ ಫಾಂಟಿನಿಂದ ನುಸುಳಿದ ಅಕ್ಷರಗಳು ಎದುರಾಗುತ್ತವೆ, ಮತ್ತು ಅವನ್ನು ಬಳಸುವವರಿಗೆ ತಿಳಿಸಲೇಬೇಕಾಗುತ್ತದೆ. ಪರಿವರ್ತನೆಯ ನಿಯಮಗಳಿಗಿಂತ ಹೆಚ್ಚು ಕಾಲ ನನ್ನನ್ನು ಕಾಡಿದ್ದು ಈ ತಿಳಿಸುವ ಕೆಲಸವೇ.

ಮೊದಲ ಆವೃತ್ತಿಯಲ್ಲಿ ಪರಿವರ್ತಿತ ಪಠ್ಯವನ್ನೂ ಎಚ್ಚರಿಕೆಗಳನ್ನೂ ಒಂದೇ ಪ್ರಿಂಟ್ ಆಜ್ಞೆಯಿಂದ ಬರೆದಿದ್ದೆ. ಆಜ್ಞೆ ಕೊಟ್ಟು ಉತ್ತರ ನೋಡುವ ಕಿಟಕಿಯಾದ ಟರ್ಮಿನಲ್ಲಿನಲ್ಲಿ ನೋಡುವಾಗ ಅದರಲ್ಲಿ ತಪ್ಪೇನೂ ಕಾಣುತ್ತಿರಲಿಲ್ಲ. ಪುಸ್ತಕಗಳ ಪುಟವಿನ್ಯಾಸ ಮಾಡುವ ಗೆಳೆಯರೊಬ್ಬರು ಅದರ ಔಟ್‌ಪುಟ್ಟನ್ನು ನೇರವಾಗಿ ಒಂದು ಕಡತಕ್ಕೆ ತಿರುಗಿಸಿ, ಆ ಕಡತವನ್ನು ಪುಟಕ್ಕೆ ಸುರಿದಿದ್ದರು. ಕರಡಚ್ಚು ಲೇಖಕರ ಕೈಗೆ ಹೋದಾಗ ಒಂದು ಅಧ್ಯಾಯದ ನಡುವೆ ‘ಎಚ್ಚರಿಕೆ: ಸಾಲು 212ರಲ್ಲಿ ಗುರುತಿಸಲಾಗದ ಸಂಕೇತ’ ಎಂಬ ವಾಕ್ಯ ಅಚ್ಚಾಗಿತ್ತು. ಗೆಳೆಯರು ನನ್ನನ್ನು ದೂರಲಿಲ್ಲ. ಆದರೆ ಬೇರೊಬ್ಬರ ಬರಹದೊಳಗೆ ನನ್ನ ಟೂಲಿನ ಮಾತು ಸೇರಿಹೋಯಿತೆಂಬುದು ನನಗೆ ಬಹಳ ದಿನ ನೋವು ಕೊಟ್ಟಿತು.

ಲಿನಕ್ಸ್‌ನಂಥ ಯೂನಿಕ್ಸ್ ಮಾದರಿಯ ವ್ಯವಸ್ಥೆಗಳಲ್ಲಿ ಇದಕ್ಕೆ ಬೇಕಾದ ಏರ್ಪಾಡು ಬಹಳ ಹಿಂದಿನಿಂದಲೂ ಇದೆ. ಪ್ರತಿ ಪ್ರೋಗ್ರಾಮಿಗೂ ಸಂಖ್ಯೆ 0 ಒಳಬರುವ ದಾರಿ, 1 ಫಲಿತಾಂಶದ ದಾರಿಯಾದ ಸ್ಟ್ಯಾಂಡರ್ಡ್ ಔಟ್‌ಪುಟ್, 2 ಸಂದೇಶಗಳ ದಾರಿಯಾದ ಸ್ಟ್ಯಾಂಡರ್ಡ್ ಎರರ್. ಪೈಪ್ ಹಾಕಿ ಇನ್ನೊಂದು ಪ್ರೋಗ್ರಾಮಿಗೆ ಜೋಡಿಸಿದಾಗ ಅಥವಾ ಕಡತಕ್ಕೆ ತಿರುಗಿಸಿದಾಗ 1 ಮಾತ್ರ ಆ ಕಡೆ ಹೋಗುತ್ತದೆ, 2 ಟರ್ಮಿನಲ್ಲಿನಲ್ಲೇ ಉಳಿಯುತ್ತದೆ. ಹೆಸರಿನಲ್ಲಿ ‘ಎರರ್’ ಎಂದಿರುವುದರಿಂದ ಅಲ್ಲಿಗೆ ದೋಷಗಳನ್ನು ಮಾತ್ರ ಕಳಿಸಬೇಕೆಂದು ನಾನು ತಪ್ಪಾಗಿ ತಿಳಿದಿದ್ದೆ. ಈಗ ನಾನು ಕೇಳಿಕೊಳ್ಳುವುದು ಈ ಸಾಲು ಮುಂದಿನ ಪ್ರೋಗ್ರಾಮಿಗೆ ಸೇರಬೇಕಾದದ್ದೋ, ಕೂತು ನೋಡುತ್ತಿರುವ ಮನುಷ್ಯರಿಗೆ ಸೇರಬೇಕಾದದ್ದೋ ಎಂಬುದನ್ನು ಮಾತ್ರ. ಪರಿವರ್ತಿತ ಪಠ್ಯದ ಹೊರತು ಉಳಿದದ್ದೆಲ್ಲ, ‘ಕೆಲಸ ಮುಗಿಯಿತು’ ಎಂಬ ಸಂತೋಷದ ಸುದ್ದಿಯೂ ಸೇರಿ, ಎರಡನೆಯ ದಾರಿಯಲ್ಲಿ ಹೋಗುತ್ತದೆ.

ದಾರಿ ಬೇರೆಯಾದ ಮೇಲೆ ಎಷ್ಟು ಹೇಳಬೇಕೆಂಬ ಪ್ರಶ್ನೆ ಬಂತು. ಸಂದೇಶಗಳನ್ನು ದಾಖಲಿಸಲು ಪೈಥಾನಿನಲ್ಲಿರುವ ಲಾಗಿಂಗ್ ಮಾಡ್ಯೂಲಿನಲ್ಲಿ ಡೀಬಗ್ 10, ಇನ್ಫೋ 20, ವಾರ್ನಿಂಗ್ 30, ಎರರ್ 40, ಕ್ರಿಟಿಕಲ್ 50 ಎಂಬ ಹಂತಗಳಿವೆ, ಏನೂ ಹೇಳದಿದ್ದರೆ 30 ಮತ್ತು ಅದಕ್ಕೂ ಮೇಲಿನವು ಮಾತ್ರ ಕಾಣಿಸುತ್ತವೆ. ಬಳಸುವವರು ಹೆಚ್ಚು ವಿವರ ಕೇಳುವ ‘ವಿ’ ಆಯ್ಕೆಯನ್ನು ಎಷ್ಟು ಸಲ ಕೊಡುತ್ತಾರೋ ಅಷ್ಟು ಹತ್ತುಗಳನ್ನು 30ರಿಂದ ಕಳೆಯುವಂತೆ ಬರೆದೆ. ಒಂದು ವಿ ಕೊಟ್ಟರೆ 20, ಎರಡು ಕೊಟ್ಟರೆ 10. ದೂರದ ಯಂತ್ರಕ್ಕೆ ಸಂಪರ್ಕ ಕೊಡುವ ಎಸ್‌ಎಸ್‌ಎಚ್‌ನಲ್ಲಿ ಮೂರು ವಿಗಳವರೆಗೆ ಕೊಡುವ ರೂಢಿ ಇರುವುದರಿಂದ ಒಬ್ಬರು ಇಲ್ಲಿಯೂ ಮೂರು ಕೊಟ್ಟರು, ಮತ್ತು ಎರಡು ವಿ ಕೊಟ್ಟಾಗ ಕಾಣುತ್ತಿದ್ದ ವಿವರಗಳೆಲ್ಲ ಮೂರನೆಯದನ್ನು ಸೇರಿಸಿದೊಡನೆ ಮಾಯವಾಗುತ್ತವೆಂದು ಬರೆದು ಕಳಿಸಿದರು. ಕಾರಣ ಹುಡುಕಲು ನನಗೆ ಒಂದು ಸಂಜೆ ಪೂರ್ತಿ ಹಿಡಿಯಿತು. ಮೂವತ್ತರಿಂದ ಮೂವತ್ತು ಕಳೆದಾಗ ಉಳಿಯುವ ಸೊನ್ನೆಗೆ ಲಾಗಿಂಗ್ ಮಾಡ್ಯೂಲಿನಲ್ಲಿ ‘ಹಂತವನ್ನು ಗೊತ್ತುಪಡಿಸಿಲ್ಲ’ ಎಂಬ ಅರ್ಥವಿದೆ. ಸಂದೇಶಗಳನ್ನು ಬರಮಾಡಿಕೊಳ್ಳಲು ನಾನು ಹೆಸರಿಟ್ಟು ಮಾಡಿಕೊಂಡಿದ್ದ ಲಾಗರ್‌ಗೆ ಸೊನ್ನೆ ಕೊಟ್ಟಾಗ ಅದು ತನ್ನ ಮೇಲಿನ ಮೂಲ ಲಾಗರನ್ನು ಕೇಳುತ್ತದೆ, ಅದರ ಹಂತವೋ 30. ಹಾಗಾಗಿ ಹೆಚ್ಚು ಮಾತು ಕೇಳಿದವರಿಗೆ ಮೌನ ಸಿಗುತ್ತಿತ್ತು. ಹತ್ತಕ್ಕಿಂತ ಕೆಳಗೆ ಇಳಿಯದಂತೆ ತಡೆ ಹಾಕಿ, ಹಂತವನ್ನು ಲಾಗರ್‌ನ ಬದಲು ಅವನ್ನು ಟರ್ಮಿನಲ್ಲಿಗೆ ಬರೆಯುವ ಭಾಗವಾದ ಹ್ಯಾಂಡ್ಲರ್‌ನ ಮೇಲೆ ಇಟ್ಟೆ. ಇದರಿಂದ ಇನ್ನೊಂದು ಅನುಕೂಲವೂ ಆಯಿತು: ಲಾಗ್ ಕಡತ ಬೇಕೆಂದವರಿಗೆ ಎಲ್ಲ ವಿವರವನ್ನೂ ಕಡತದಲ್ಲಿ ಬರೆದು, ಟರ್ಮಿನಲ್ಲನ್ನು ಮಾತ್ರ ಶಾಂತವಾಗಿ ಇಡಬಹುದು.

ಯಾವ ಸಂದೇಶ ಯಾವ ಹಂತಕ್ಕೆ ಸೇರಬೇಕು ಎಂಬುದು ಇದಕ್ಕಿಂತ ಕಷ್ಟದ ಕೆಲಸವಾಗಿತ್ತು. ಬರೆಯುವಾಗ ನನಗೆ ಮುಖ್ಯವೆನಿಸಿದ್ದನ್ನೆಲ್ಲ ವಾರ್ನಿಂಗ್ ಎಂದು ಗುರುತಿಸಿದ್ದೆ. ಒಂದೇ ಅಪರಿಚಿತ ಸಂಕೇತ ಸಾವಿರಾರು ಸಲ ಬರುವ ಕಡತವೊಂದನ್ನು ಓಡಿಸಿದಾಗ ಪರದೆಯ ತುಂಬ ಅದೇ ಸಾಲು ಓಡಿ, ಆ ನಡುವೆ ಒಮ್ಮೆ ಮಾತ್ರ ಬಂದಿದ್ದ, ನಿಜವಾಗಿ ನೋಡಬೇಕಾಗಿದ್ದ ಎಚ್ಚರಿಕೆ ಮುಚ್ಚಿಹೋಯಿತು. ಆ ಬಳಿಕ ಪ್ರತಿ ಸಂದೇಶದ ಎದುರು ಕೂತು, ಇದನ್ನು ಓದಿದವರು ಏನು ಮಾಡಬೇಕಾಗುತ್ತದೆ ಎಂದು ಕೇಳಿಕೊಂಡೆ. ಮಾಡಬೇಕಾದ ಕೆಲಸವಿದ್ದರೆ ಅದು ಎಚ್ಚರಿಕೆ, ತಿಳಿದುಕೊಂಡರೆ ಸಾಕಾದದ್ದು ಇನ್ಫೋ, ನನಗೆ ದೋಷ ಹುಡುಕಲು ಮಾತ್ರ ಬೇಕಾದದ್ದು ಡೀಬಗ್. ಅರ್ಧಕ್ಕಿಂತ ಹೆಚ್ಚು ಎಚ್ಚರಿಕೆಗಳು ಕೆಳಗಿಳಿದವು. ಒಂದು ಸಂಕೇತ ಮೊದಲ ಸಲ ಸಿಕ್ಕಾಗ ಕಡತದ ಹೆಸರು ಮತ್ತು ಸಾಲಿನ ಸಂಖ್ಯೆಯೊಡನೆ ಒಂದು ಎಚ್ಚರಿಕೆ, ಕೊನೆಯಲ್ಲಿ ಅದು ಒಟ್ಟು ಎಷ್ಟು ಸಲ ಬಂತೆಂಬ ಒಂದು ಸಾಲು, ಇಷ್ಟನ್ನೇ ಉಳಿಸಿಕೊಂಡು, ನಡುವಿನವನ್ನು ಡೀಬಗ್ ಹಂತಕ್ಕೆ ಕಳಿಸಿದೆ.

ಸಾಲಿನ ಸಂಖ್ಯೆ ಸಂದೇಶದೊಳಗೇ ಇರಬೇಕೆಂಬುದನ್ನು ನಾನು ಕಲಿತದ್ದು ಬೇರೆ ಕಾರಣಕ್ಕೆ. ಔಟ್‌ಪುಟ್ ಟರ್ಮಿನಲ್ಲಿಗೆ ಹೋಗುವಾಗ ಸಾಲುಸಾಲಾಗಿ ಹೊರಬೀಳುತ್ತದೆ. ಕಡತಕ್ಕೋ ಪೈಪಿಗೋ ಹೋಗುವಾಗ ದೊಡ್ಡ ಗಂಟುಗಳಾಗಿ ಸೇರಿಕೊಂಡು ತಡವಾಗಿ ಬೀಳುತ್ತದೆ. ಎರಡನೆಯ ದಾರಿಯ ಎಚ್ಚರಿಕೆಗಳು ಮಾತ್ರ ಕಾಯದೆ ಕೂಡಲೇ ಬೀಳುತ್ತವೆ. ಎರಡೂ ದಾರಿಗಳನ್ನು ಒಂದೇ ಕಡತಕ್ಕೆ ತಿರುಗಿಸಿದವರಿಗೆ ಎಚ್ಚರಿಕೆಗಳೆಲ್ಲ ಮೊದಲು, ಪಠ್ಯ ಆಮೇಲೆ ಕಾಣುತ್ತಿತ್ತು. ಅಕ್ಕಪಕ್ಕದ ಸಾಲು ನೋಡಿ ಅರ್ಥಮಾಡಿಕೊಳ್ಳಲಿ ಎಂದು ಬರೆದಿದ್ದ ‘ಮೇಲಿನ ಪದ’ ಎಂಬ ಮಾತಿಗೆ ಅಲ್ಲಿ ಅರ್ಥವೇ ಇರಲಿಲ್ಲ.

ಮೌನದ ಆಯ್ಕೆಯಾದ ‘ಕ್ಯೂ’ ವಿಷಯದಲ್ಲಿ ನನ್ನದು ಇನ್ನೂ ದೊಡ್ಡ ತಪ್ಪು. ಅದನ್ನು ಕೊಟ್ಟರೆ ದೋಷವನ್ನೂ ಸೇರಿಸಿ ಎಲ್ಲವನ್ನೂ ನುಂಗುವಂತೆ ಮಾಡಿದ್ದೆ, ಮೇಲಾಗಿ ಕಡತ ತೆರೆಯಲಾಗದಿದ್ದರೂ ಪ್ರೋಗ್ರಾಮು 0 ಎಂಬ ಯಶಸ್ಸಿನ ಸಂಖ್ಯೆಯನ್ನೇ ಹಿಂದಿರುಗಿಸುತ್ತಿತ್ತು. ನಿಗದಿತ ಸಮಯಕ್ಕೆ ಕೆಲಸಗಳನ್ನು ತಾನೇ ಓಡಿಸುವ ಕ್ರಾನ್ ಮೂಲಕ ರಾತ್ರಿ ಕಡತಗಳನ್ನು ಬದಲಿಸುತ್ತಿದ್ದ ಒಬ್ಬರಿಗೆ ಹಲವು ದಿನಗಳವರೆಗೆ ಏನೂ ಬದಲಾಗುತ್ತಿಲ್ಲವೆಂಬುದೇ ತಿಳಿಯಲಿಲ್ಲ. ಕ್ರಾನ್ ಸಾಮಾನ್ಯವಾಗಿ ಪ್ರೋಗ್ರಾಮು ಏನಾದರೂ ಬರೆದರೆ ಮಾತ್ರ ಅದನ್ನು ಮಿಂಚಂಚೆಯಲ್ಲಿ ಕಳಿಸುತ್ತದೆ. ಆದ್ದರಿಂದ ಸರಿಯಾಗಿ ನಡೆದಾಗ ಸುಮ್ಮನಿರುವುದೂ ಕೆಟ್ಟಾಗ ಮಾತಾಡುವುದೂ ಎರಡೂ ಸೇರಿದರೆ ಮಾತ್ರ ಆ ಅಂಚೆಗೆ ಬೆಲೆ. ಜಾಲದಿಂದ ಮಾಹಿತಿ ತರುವ ಕರ್ಲ್ ಎಂಬ ಪ್ರಸಿದ್ಧ ಟೂಲಿನಲ್ಲಿಯೂ ಮೌನದ ಚಿಕ್ಕ ‘ಎಸ್’ ಆಯ್ಕೆ ದೋಷಗಳನ್ನು ಸೇರಿಸಿಯೇ ಮುಚ್ಚುತ್ತದೆ, ಅವು ಬೇಕೆಂದರೆ ದೊಡ್ಡ ‘ಎಸ್’ ಅನ್ನು ಜೊತೆಗೆ ಕೊಡಬೇಕು. ನಾನು ಆ ಎರಡನೆಯ ಹೆಜ್ಜೆಯನ್ನು ಬಳಸುವವರ ಮೇಲೆ ಹೊರಿಸಲು ಇಷ್ಟಪಡಲಿಲ್ಲ. ಈಗ ಕ್ಯೂ ಎಷ್ಟು ಸಲ ಕೊಟ್ಟರೂ 40ರ ಹಂತದ ಸಂದೇಶಗಳು ಉಳಿಯುತ್ತವೆ. ಹಿಂದಿರುಗಿಸುವ ಸಂಖ್ಯೆಯಂತೂ ಮಾತಿನ ಹಂತವನ್ನು ಅವಲಂಬಿಸುವುದೇ ಇಲ್ಲ: ಎಲ್ಲ ಸರಿಯಿದ್ದರೆ 0, ಗುರುತಿಸಲಾಗದ ಸಂಕೇತಗಳು ಉಳಿದಿದ್ದರೆ 1, ಕೆಲಸವೇ ಆಗದಿದ್ದರೆ 2. ಕಡತಗಳಲ್ಲಿ ಪಠ್ಯ ಹುಡುಕುವ ಗ್ರೆಪ್ ಇಂಥದೇ ಮೂರು ಸಂಖ್ಯೆಗಳನ್ನು ಬಳಸುವುದರಿಂದ ಸ್ಕ್ರಿಪ್ಟ್ ಬರೆಯುವವರಿಗೆ ಇದು ಹೊಸದೆನಿಸುವುದಿಲ್ಲ.

ಎಷ್ಟು ಪುಟ ಮುಗಿಯಿತೆಂದು ಒಂದೇ ಸಾಲಿನಲ್ಲಿ ಬದಲಾಗುತ್ತ ತೋರಿಸುವ ಪ್ರಗತಿಸೂಚಿಯನ್ನೂ ಬಣ್ಣಗಳನ್ನೂ ಸ್ಟ್ಯಾಂಡರ್ಡ್ ಎರರ್ ನಿಜವಾಗಿ ಟರ್ಮಿನಲ್ಲಿಗೆ ಜೋಡಣೆಯಾಗಿದೆಯೇ ಎಂದು ಪರೀಕ್ಷಿಸಿದ ಮೇಲೆ ಮಾತ್ರ ತೋರಿಸುತ್ತೇನೆ. ಕೋಡಿನ ಆವೃತ್ತಿಗಳನ್ನು ನೋಡಿಕೊಳ್ಳುವ ಗಿಟ್ ಕೂಡ ತನ್ನ ಪ್ರಗತಿಯನ್ನು ಹೀಗೇ ತೋರಿಸುತ್ತದೆ.

ಸಂದೇಶಗಳನ್ನು ಕನ್ನಡದಲ್ಲೇ ಕೊಡಬೇಕೆಂಬುದು ನನ್ನ ಹಟವಾಗಿತ್ತು, ಏಕೆಂದರೆ ಈ ಟೂಲನ್ನು ಬಳಸುವವರಲ್ಲಿ ಹೆಚ್ಚಿನವರು ಕನ್ನಡ ಪುಸ್ತಕಗಳ ಕೆಲಸ ಮಾಡುವವರು. ಪೈಥಾನ್ 3.6 ಇದ್ದ ಹಳೆಯ ಯಂತ್ರವೊಂದರಲ್ಲಿ, ‘ಸಿ’ ಎಂಬ ಮೂಲ ಲೊಕೇಲಿನಲ್ಲಿ (ಭಾಷೆಯ ಹೊಂದಿಕೆಯಲ್ಲಿ), ಎಚ್ಚರಿಕೆಯ ಪ್ರತಿ ಅಕ್ಷರವೂ ಹಿಂಗೆರೆ, ರೋಮನ್ ಅಕ್ಷರ ಮತ್ತು ಅಂಕಿಗಳ ಸರಣಿಯಾಗಿ ಕಂಡಿತು. ಪಠ್ಯವಂತೂ ಹೊರಬರುವ ಮೊದಲೇ ಪ್ರೋಗ್ರಾಮು ಎನ್‌ಕೋಡಿಂಗ್ ದೋಷದಿಂದ ನಿಂತುಹೋಯಿತು. ಪೈಥಾನ್ 3.7ರಿಂದ ಈ ಲೊಕೇಲಿನಲ್ಲಿಯೂ ಯೂನಿಕೋಡ್ ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಬಳಕೆಯಾಗುವಂತೆ ಬದಲಾಗಿದ್ದರೂ, ನಾನು ಎರಡೂ ದಾರಿಗಳಿಗೆ ಯುಟಿಎಫ್-8 ಅನ್ನೇ ಸ್ಪಷ್ಟವಾಗಿ ಗೊತ್ತುಪಡಿಸಿದೆ. ಸಂದೇಶದ ಕನ್ನಡ ವಾಕ್ಯವನ್ನು ಮುಂದೆ ತಿದ್ದುವ ಸ್ವಾತಂತ್ರ್ಯ ನನಗೆ ಉಳಿಯಲೆಂದು ಪ್ರತಿ ಎಚ್ಚರಿಕೆಗೂ ಬದಲಾಗದ ಒಂದು ಸಂಖ್ಯೆಯನ್ನು ಕೊಟ್ಟಿದ್ದೇನೆ. ಸ್ಕ್ರಿಪ್ಟುಗಳು ಹುಡುಕಬೇಕಾದದ್ದು ಆ ಸಂಖ್ಯೆಯನ್ನೇ ಹೊರತು ವಾಕ್ಯವನ್ನಲ್ಲ.

ಈಗ ಹೊಸ ಆವೃತ್ತಿ ಬಿಡುವ ಮೊದಲು ಒಂದೇ ಮಾದರಿ ಕಡತವನ್ನು ಕ್ಯೂ ಕೊಟ್ಟು ಒಮ್ಮೆ, ಏನೂ ಕೊಡದೆ ಒಮ್ಮೆ, ಮೂರು ವಿಗಳನ್ನು ಕೊಟ್ಟು ಒಮ್ಮೆ ಓಡಿಸಿ, ಮೂರು ಸಲವೂ ಮೊದಲನೆಯ ದಾರಿಯಲ್ಲಿ ಬಂದದ್ದನ್ನು ಬೈಟಿಗೆ ಬೈಟು ಹೋಲಿಸುತ್ತೇನೆ. ಆ ಮಾದರಿ ಕಡತದ 212ನೆಯ ಸಾಲಿನಲ್ಲಿ ಬೇಕೆಂದೇ ಒಂದು ಅಪರಿಚಿತ ಸಂಕೇತವನ್ನು ಇಟ್ಟಿದ್ದೇನೆ.