ಮೊಹಲ್ಲಾ ಸುತ್ತುವುದು ಹೇಗೆ? ಮೊದಲು ಗರಡಿ, ಆಮೇಲೆ ದೋಸೆ

ಮೈಸೂರಿಗೆ ಬಂದವರು ಅರಮನೆ ನೋಡಿ, ಚಾಮುಂಡಿ ಬೆಟ್ಟ ಹತ್ತಿ ಇಳಿದು ಬಸ್ಸು ಹಿಡಿಯುತ್ತಾರೆ. ನಜರ್‌ಬಾದ್, ಲಷ್ಕರ್, ಮಂಡಿ ಮೊಹಲ್ಲಾಗಳ ಕಡೆ ತಲೆ ಹಾಕುವವರು ಕಡಿಮೆ. ಒಂದು ದಿನ ಬಿಡುವಿದ್ದರೆ ಇವನ್ನೆಲ್ಲ ನಡೆದೇ ಸುತ್ತಬಹುದು. ಹೊರಡುವ ಹೊತ್ತು ಮಾತ್ರ ತಪ್ಪಬಾರದು.

ಬೆಳಗ್ಗೆ ಆರಕ್ಕೆ, ಬರಿ ಹೊಟ್ಟೆಯಲ್ಲಿ ಗರಡಿ ಮನೆಗೆ ಹೋಗಿ. ಹಳೆಯ ಮೊಹಲ್ಲಾಗಳಲ್ಲಿ ಯಾರನ್ನು ಕೇಳಿದರೂ ದಾರಿ ತೋರಿಸುತ್ತಾರೆ. ಚಪ್ಪಲಿ ಹೊರಗಿರಲಿ. ಕುಸ್ತಿ ಕಲಿಸುವ ಗುರು, ಅಂದರೆ ಉಸ್ತಾದರನ್ನು ಕೇಳದೆ ಮೊಬೈಲ್ ಎತ್ತಬೇಡಿ. ಅದು ಪೂಜೆ ನಡೆಯುವ ಜಾಗ. ಹುಡುಗರು ದಂಡೆ, ಬಸ್ಕಿ ಮುಗಿಸಿ ಕೆಮ್ಮಣ್ಣಿನ ಕುಸ್ತಿ ಅಖಾಡಕ್ಕೆ ಇಳಿಯುವುದನ್ನು ಗೋಡೆಗೊರಗಿ ನೋಡಿ. ದಸರೆಯಲ್ಲಿ ಇವರ ಕುಸ್ತಿ ದೊಡ್ಡಕೆರೆ ಮೈದಾನದ ದೇವರಾಜ ಅರಸು ಕ್ರೀಡಾಂಗಣದಲ್ಲಿ. ಅದಕ್ಕೂ ಮುಂಚೆ ಯಾರಿಗೆ ಯಾರು ಎಂದು ಜೋಡಿ ಕಟ್ಟುತ್ತಾರೆ. ನನಗಂತೂ ಪಂದ್ಯಕ್ಕಿಂತ ಆ ಜೋಡಿ ಕಟ್ಟುವಾಗಿನ ಗದ್ದಲವೇ ಹೆಚ್ಚು ಇಷ್ಟ. ವಿಜಯದಶಮಿಯಂದು ಅರಮನೆಯಲ್ಲಿ ಜಟ್ಟಿಗಳು ಮುಷ್ಟಿಗೆ ಮೊನೆಯ ಆಯುಧ ತೊಟ್ಟು ಆಡುವ ವಜ್ರಮುಷ್ಟಿ ಕಾಳಗವೇ ಬೇರೆ. ತಲೆಯಿಂದ ರಕ್ತ ಚಿಮ್ಮಿತೋ, ಕಾಳಗ ಮುಗಿಯಿತು.

ಹಸಿವಾಗಿರುತ್ತದೆ. ನಜರ್‌ಬಾದಿನಲ್ಲಿ ಮೈಲಾರಿ ಹೆಸರಿನ ಹೋಟೆಲುಗಳು ಎರಡಿವೆ, ಎರಡೂ ‘ಒರಿಜಿನಲ್’! ಜಗಳ ಅವರಿಗಿರಲಿ, ಬೆಣ್ಣೆ ಹಾಕಿದ ಮೆತ್ತನೆಯ ದೋಸೆ ನಿಮಗಿರಲಿ. ಗರಿಗರಿ ದೋಸೆಯ ಆಸೆಯಿದ್ದವರು ಬೇರೆಡೆ ಹೋಗಬೇಕು.

ಬಳಿಕ ಅಶೋಕ ರಸ್ತೆ ಹಿಡಿದರೆ ಸಂತ ಫಿಲೋಮಿನಾ ಚರ್ಚ್. ನಾಲ್ವಡಿ ಕೃಷ್ಣರಾಜ ಒಡೆಯರ್ 1933ರಲ್ಲಿ ಅಡಿಗಲ್ಲಿಟ್ಟದ್ದು. ಗೋಪುರಗಳು 175 ಅಡಿ ಎತ್ತರ. ನೆಲಮಾಳಿಗೆಯಲ್ಲಿರುವ ಸಂತ ಫಿಲೋಮಿನಾರ ಪ್ರತಿಮೆಯನ್ನು ನೋಡದೆ ಬರಬೇಡಿ.

ಮಧ್ಯಾಹ್ನಕ್ಕೆ ಮಂಡಿ ಮೊಹಲ್ಲಾ. ಮಾಂಸ ತಿನ್ನುವವರಿಗೆ ಹನುಮಂತು ಹೋಟೆಲಿನ ಮಟನ್ ಪಲಾವ್ ಇದೆ. ತಡವಾದರೆ ಖಾಲಿಯಾದೀತು.

ಬಿಸಿಲಿಳಿದ ಮೇಲೆ ದೇವರಾಜ ಮಾರುಕಟ್ಟೆ. ಮೈಸೂರು ಮಲ್ಲಿಗೆ, ವೀಳ್ಯದೆಲೆ, ಕುಂಕುಮದ ಗುಡ್ಡೆಗಳು. ರಸಬಾಳೆ ಎಂದು ಕೂಗಿದ್ದೆಲ್ಲ ನಂಜನಗೂಡಿನದಲ್ಲ, ಮೂಸಿ ನೋಡಿ ಕೊಳ್ಳಿ. ಹೂವನ್ನು ಮೊಳದ ಲೆಕ್ಕದಲ್ಲಿ ಅಳೆಯುತ್ತಾರೆ, ಹೀಗಾಗಿ ಉದ್ದ ಕೈಯ ಹೂವಾಡಗಿತ್ತಿಯನ್ನು ಹುಡುಕುವುದು ಜಾಣತನ. ಸಯ್ಯಾಜಿರಾವ್ ರಸ್ತೆಯ ಕಡೆಗೆ ಹೊರಬಂದರೆ ಗುರು ಸ್ವೀಟ್ಸ್. ಅರಮನೆಯ ಬಾಣಸಿಗ ಕಾಕಾಸುರ ಮಾದಪ್ಪನವರ ವಂಶದವರ ಅಂಗಡಿ. ಒಂದು ತುಂಡು ಮೈಸೂರ್ ಪಾಕ್ ಅಲ್ಲೇ ನಿಂತು ತಿನ್ನಿ, ಮನೆಗೆ ಕಾಲು ಕೆ.ಜಿ. ಕಟ್ಟಿಸಿ. ಪೊಟ್ಟಣಕ್ಕೆ ಇನ್ನೊಂದು ಸುತ್ತು ಕಾಗದ ಸುತ್ತಿಸಿಕೊಳ್ಳಿ. ಊರು ಮುಟ್ಟುವಷ್ಟರಲ್ಲಿ ತುಪ್ಪ ಚೀಲಕ್ಕೆ ಇಳಿದಿರುತ್ತದೆ.